ಕೌದಿಯ ಅಂಚು

ಕರ್ಣಾಟಕದ ಶಾಸನಗಳಲ್ಲಿ ನೆಯ್ಗೆಯ ಮಾತು ವಿರಳವಲ್ಲ. ಮಗ್ಗದೆಱೆಯನ್ನು ದೇವರಿಗೆ ಬಿಟ್ಟುಕೊಟ್ಟ ದತ್ತಿಗಳೂ ಅರಿವೆಯ ಮೇಲಣ ಸುಂಕಗಳೂ ಅಲ್ಲಲ್ಲಿ ಉಕ್ತವಾಗಿರುವುವು. ಆದರೆ ಆ ಅರಿವೆಯನ್ನು ಉಟ್ಟು, ಒಗೆದು, ಅದು ನವೆದು ಹರಿದ ಮೇಲೆ ಏನಾಯಿತೆಂಬುದು ಶಾಸನಕ್ಕೆ ಬೇಕಾದ ವಿಷಯವಲ್ಲ. ಹೊಸ ಬಟ್ಟೆಗೆ ತೆರಿಗೆಯುಂಟು. ಹಳೆಯ ಬಟ್ಟೆಗೆ ತೆರಿಗೆಯಿಲ್ಲ. ತೆರಿಗೆಯಿಲ್ಲದ ವಸ್ತುವಿಗೆ ಲೆಕ್ಕವಿಲ್ಲ, ಲೆಕ್ಕವಿಲ್ಲದುದಕ್ಕೆ ಚರಿತ್ರೆಯಿಲ್ಲವೆಂದು ಸಾಮಾನ್ಯವಾಗಿ ಭಾವಿಸುವರು. ಉತ್ತರ ಕರ್ಣಾಟಕದ ಮನೆಮನೆಯಲ್ಲಿಯೂ ಹೆಂಗಸರು ಹೊಲಿದು ತಂದ ಕೌದಿಯು ಹೀಗೆ ಚರಿತ್ರೆಯಿಂದ ಹೊರಗೆ ಉಳಿದ ವಸ್ತುಗಳಲ್ಲಿ ಒಂದು. ಅದರಲ್ಲಿಯೂ ಅದರ ಅಂಚಿನ ವಿಚಾರವನ್ನು ಕೇಳುವವರೇ ಇಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಸೀಮೆಯ ಮಾತನ್ನೂ ಬಟ್ಟೆಯನ್ನೂ ಆಧಾರವಾಗಿಟ್ಟುಕೊಂಡು ಈ ಅಂಚಿನ ಪೂರ್ವೋತ್ತರವನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಕೌದಿಯ ಸ್ವರೂಪವು ಈ ಸೀಮೆಯವರಿಗೆ ಹೇಳಬೇಕಾದುದಲ್ಲ. ದಕ್ಷಿಣದ ವಾಚಕರಿಗಾಗಿ ಸಂಕ್ಷೇಪವಾಗಿ ಹೇಳಬಹುದು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ನೆಲದ ಮೇಲೆ ಹಾಸಿ, ಮೇಲ್ಗಡೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ದಾರದಿಂದ ಸಾಲುಸಾಲಾಗಿ ಹರಿಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಹಾಸಿಗೆಯಂತೆ ಅದರೊಳಗೆ ಹತ್ತಿಯನ್ನು ತುಂಬುವುದಿಲ್ಲ. ಪದರಗಳೇ ಅದರ ಮೈ, ಹೊಲಿಗೆಯೇ ಅದರ ಬಲ. ಮನೆಯ ಮುದುಕಿಯರು ಬಿಡುವಿನ ಹೊತ್ತಿನಲ್ಲಿ ಇದನ್ನು ಹೊಲಿಯುವರು; ಊರೂರು ತಿರುಗುವ ಗೊಂದಳಿ ಜನಾಂಗದ ಹೆಂಗಸರು ಕೂಲಿಗೆ ಹೊಲಿದುಕೊಡುವುದೂ ಉಂಟು. ಕೂಸಿನ ತೊಟ್ಟಿಲಿಗೆ ಹಾಕುವ ಸಣ್ಣದರಿಂದ ಮೊದಲ್ಗೊಂಡು ನಾಲ್ವರು ಹೊದೆಯಬಹುದಾದ ದೊಡ್ಡದರವರೆಗೆ ಇದರ ಅಳತೆಗಳು ಬೇರೆಬೇರೆ.

ಹೆಸರನ್ನು ಮೊದಲು ನೋಡಬೇಕು. ಸಂಸ್ಕೃತದ ಕಂಥಾ ಎಂಬುದು ಕನ್ನಡದಲ್ಲಿ ಕಂಥೆ, ಕಂತೆಗಳಾಗಿ ಯೋಗಿಗಳ ಮತ್ತು ಜಂಗಮರ ಉಡುಪಿನ ಹೆಸರಾಗಿ ಬಂದಿದೆ. ಬಂಗಾಳದ ಕಾಂಥಾ, ಹಿಂದಿಯ ಕಥರಿ ಎಂಬುವು ಇದರ ದಾಯಾದಿಗಳು. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇರುವ ಬೊಂತ, ಬೊಂತೆ ಎಂಬ ಮಾತು ಇನ್ನೊಂದು. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಒಬ್ಬಳಾದ ಬೊಂತಾದೇವಿಯ ಹೆಸರು ಈ ಮಾತಿನಿಂದಲೇ ಬಂದುದು. ಆಕೆ ಕಾಶ್ಮೀರದವಳು, ಮೊದಲ ಹೆಸರು ನಿಜದೇವಿ, ದಿಗಂಬರೆಯಾಗಿ ಹೊರಟ ಆಕೆಗೆ ಶಿವನು ಬೊಂತೆಯನ್ನು ಹೊದಿಸಿದನು ಎಂದು ಸಂಪ್ರದಾಯದ ಕಥೆ. ಕಥೆಯ ಸತ್ಯಾಸತ್ಯತೆ ಹೇಗೇ ಇರಲಿ, ತೇಪೆಯ ಹೊದಿಕೆಯೊಂದು ಒಬ್ಬ ವಚನಕಾರ್ತಿಯ ಹೆಸರಾಗುವಷ್ಟು ಆ ವಸ್ತು ಜನಕ್ಕೆ ಪರಿಚಿತವಾಗಿದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಅದೇ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನೂ ಇದ್ದನು. ಸೂಜಿಯ ಕೆಲಸವು ಕಾಯಕವೆಂದು ಹೆಸರು ಪಡೆದುದಕ್ಕೆ ಇದು ಸಾಕ್ಷಿ. ಆದರೆ ಆತನದು ಚಿಪ್ಪಿಗನ ವೃತ್ತಿ, ಎಂದರೆ ಹೊಸ ಬಟ್ಟೆಯ ಹೊಲಿಗೆ. ಹಳೆಯ ಬಟ್ಟೆಯ ಹೊಲಿಗೆಗೆ ಕಾಯಕದ ಹೆಸರು ಬರಲಿಲ್ಲ. ಅದು ಮನೆಗೆಲಸವಾಗಿಯೇ ಉಳಿಯಿತು. ಕವುದಿ, ಕೌದಿ ಎಂಬ ದೇಶ್ಯಪದವನ್ನು ಮುಚ್ಚು, ಆವರಿಸು ಎಂಬರ್ಥದ ಕವಿ ಧಾತುವಿನೊಡನೆ ಕೂಡಿಸುವುದು ಅರ್ಥಕ್ಕೂ ರೂಪಕ್ಕೂ ಒಪ್ಪುವಂತಿದೆ. ಇದನ್ನು ಕವಡೆಯ ಹೆಸರಾದ ಕೌಡಿಯೊಡನೆ ಬೆರಸಬಾರದು. ಲಂಬಾಣಿಗರ ಕಸೂತಿಯಲ್ಲಿ ಅಂಚಿಗೆ ಕವಡೆಗಳನ್ನು ಕಟ್ಟುವುದುಂಟಾದುದರಿಂದ ಈ ಗೊಂದಲಕ್ಕೆ ಅವಕಾಶವಾಗಿರಬಹುದು.

ಹೊದಿಕೆಯ ಹೆಸರಿಗಿಂತಲೂ ಅಂಚಿನ ಹೆಸರುಗಳು ಹೆಚ್ಚು ವಿಚಾರಾರ್ಹವಾಗಿರುವುವು. ಹಳಗನ್ನಡದಲ್ಲಿ ಕರೆ ಎಂದರೆ ನೀರಿನ ತೀರ. ಬಟ್ಟೆಯ ಅಂಚೂ ಕರೆಯೇ. ತಮಿಳಿನ ಕರೈ ಎಂಬುದಕ್ಕೂ ಈ ಎರಡು ಅರ್ಥಗಳಿವೆ. ಅದರಂತೆಯೇ ದಡ ಎಂದರೆ ಹೊಳೆಯ ಅಂಚು, ದಡಿ ಎಂದರೆ ಸೀರೆಯ ಅಂಚು. ಸೀರೆಯ ನಡುವಣ ಭಾಗಕ್ಕೆ ಒಡಲೆಂಬ ಹೆಸರು. ನೀರನ್ನು ದಡವು ಹಿಡಿದಂತೆ ಒಡಲನ್ನು ದಡಿಯು ಹಿಡಿಯುತ್ತದೆ ಎಂಬ ಭಾವನೆಯು ಈ ಮಾತುಗಳಲ್ಲಿಯೇ ಅಡಗಿದೆ. ಅಂಚು ಎಂಬುದು ಬಟ್ಟೆ ಮುಗಿಯುವ ಗೆರೆ ಮಾತ್ರವಲ್ಲ, ಬಟ್ಟೆಯನ್ನು ಬಟ್ಟೆಯಾಗಿ ನಿಲ್ಲಿಸುವ ಕಟ್ಟು. ಇಂಥ ಮಾತುಗಳನ್ನು ಕೆಲವು ಪಂಡಿತರು ಗ್ರಾಮ್ಯವೆಂದು ಬಿಟ್ಟುಬಿಡುವರು. ಕ್ರಿ. ಶ. ಸುಮಾರು ೮೫೦ರ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲ್, ಪುಲಿಗೆಱೆ, ಒಕ್ಕುಂದಗಳೊಡನೆ ಕೊಪಣವನ್ನೂ, ಎಂದರೆ ಇಂದಿನ ಕೊಪ್ಪಳವನ್ನೂ, ಹೇಳಿರುವುದನ್ನು ಅವರು ನೆನೆಯುವುದು ಒಳ್ಳೆಯದು.

ಈಗ ಕೆಲಸದ ಕ್ರಮವನ್ನು ನೋಡಬಹುದು. ಕೌದಿಯ ಅಂಚನ್ನು ಮುಗಿಸುವ ಅತ್ಯಂತ ಸುಲಭದ ದಾರಿಯೆಂದರೆ ತಳದ ಬಟ್ಟೆಯನ್ನು ನಾಲ್ಕೂ ಕಡೆ ಸ್ವಲ್ಪ ಹೆಚ್ಚಾಗಿ ಬಿಟ್ಟು, ಅದನ್ನು ಮೇಲಕ್ಕೆ ಮಡಿಸಿ ಹೊಲಿದುಬಿಡುವುದು. ಎರಡನೆಯದು, ಬೇರೆ ಪಟ್ಟಿಯೊಂದನ್ನು ತಂದು ಪದರಗಳ ತುದಿಯನ್ನು ಅದರೊಳಗೆ ಹುದುಗಿಸಿ ಎರಡೂ ಕಡೆ ಹೊಲಿಯುವುದು; ಇದಕ್ಕೆ ಗೋಟು ಹಾಕುವುದೆಂದು ಹೇಳುವರು. ಮೂರನೆಯದು ಸ್ವಲ್ಪ ನಾಜೂಕಿನ ಕೆಲಸ. ಒಡಲಿನ ಬಣ್ಣಕ್ಕೂ ಗೋಟಿನ ಬಣ್ಣಕ್ಕೂ ಎದ್ದು ಕಾಣುವಂಥ ಮೂರನೆಯ ಬಣ್ಣದ ಒಂದು ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಿಸಿ, ಅದರ ಕತ್ತರಿಸಿದ ಬಾಯಿಯನ್ನು ಕೌದಿಯ ತುದಿಗೆ ಸಮವಾಗಿ ಇಟ್ಟು, ಮಡಿಕೆಯನ್ನು ಒಳಮುಖವಾಗಿ ಮಾಡಿ ಮೊದಲು ಅದನ್ನು ಹೊಲಿದು, ಆಮೇಲೆ ಅದರ ಮೇಲೆ ಗೋಟನ್ನು ಹಾಕುವುದು. ಗೋಟು ಮುಗಿದಾಗ ಅದರ ಒಳಗಿನಿಂದ ಈ ಮಡಿಕೆಯು ಕಾಲಂಗುಲದಷ್ಟು ಹೊರಗೆ ಇಣಿಕಿ, ನಾಲ್ಕೂ ಕಡೆ ಒಂದು ಬಣ್ಣದ ಗೆರೆಯಾಗಿ ನಿಲ್ಲುತ್ತದೆ. ಇದರ ಒಳ ಅಂಚನ್ನು ಹೊಲಿಯುವುದಿಲ್ಲ. ಅದು ಬಿಡಿಯಾಗಿಯೇ ಇರತಕ್ಕುದು. ಇಂಗ್ಲೀಷಿನಲ್ಲಿ ಇದನ್ನು ಫ್ಲೇಂಜ್ ಎನ್ನುವರು. ರೈಲುಗಾಡಿಯ ಚಕ್ರವು ಹಳಿಯಿಂದ ಜಾರದಂತೆ ಅದಕ್ಕಿರುವ ಚಾಚು ಅಂಚಿನ ಹೆಸರೇ ಇದು. ಹೊಲಿಗೆಯವರು ಕಮ್ಮಾರರಿಂದ ಎರವಲು ತಂದ ಮಾತೆಂದು ತೋರುತ್ತದೆ. ಕನ್ನಡದಲ್ಲಿ ಒಳಪಟ್ಟಿ ಎಂದರೆ ಸಾಕು.

ಈ ಕೆಲಸದಲ್ಲಿ ಕಷ್ಟವಿರುವುದು ಮೂಲೆಗಳಲ್ಲಿ. ಒಂದೇ ಪಟ್ಟಿಯನ್ನು ಸುತ್ತಲೂ ಎಳೆದರೆ ಮೂಲೆಯಲ್ಲಿ ಅದು ಗಂಟಾಗಿ ಮೇಲೇಳುವುದು. ಆದುದರಿಂದ ನಾಲ್ಕು ಕಡೆಗೆ ನಾಲ್ಕು ಪಟ್ಟಿಗಳನ್ನು ಬೇರೆಬೇರೆಯಾಗಿ ಕತ್ತರಿಸಿ, ಒಂದರ ತುದಿಯ ಮೇಲೆ ಇನ್ನೊಂದನ್ನು ಹಾಯಿಸುವುದೇ ಸರಿಯಾದ ಕ್ರಮ. ಕೌದಿಯ ಬದಿಗಳು ನೆಟ್ಟಗಿರುವುದರಿಂದ ಪಟ್ಟಿಯನ್ನು ನೂಲಿನ ಎಳೆಯ ನೇರಕ್ಕೆ ಹರಿದುಕೊಂಡರೆ ಸಾಕು, ಕುಪ್ಪಸದ ಕೊರಳಿಗೆ ಬೇಕಾದಂತೆ ಓರೆಯಾಗಿ ಕತ್ತರಿಸುವ ಅಗತ್ಯವಿಲ್ಲ. ಪಟ್ಟಿಯನ್ನು ಎಳೆದು ಹಿಡಿದು ಹೊಲಿದರೆ ಅಂಚು ಸುಕ್ಕುಗಟ್ಟುವುದು, ಸಡಿಲಾಗಿ ಹೊಲಿದರೆ ಅಲೆಯಾಗುವುದು.

ಈ ಒಳಪಟ್ಟಿಯಿಂದ ಕೌದಿಗೆ ಬಲ ಬರುವುದೇ? ವಿಚಾರಿಸಿದರೆ ಬರುವುದಿಲ್ಲವೆಂದೇ ಹೇಳಬೇಕು. ಕೈ ಹಿಡಿದು ಎಳೆಯುವ ಜಾಗದಲ್ಲಿಯೂ ಕಲ್ಲಿಗೆ ಬಡಿಯುವ ಜಾಗದಲ್ಲಿಯೂ ಸವೆಯುವುದು ಗೋಟಿನ ಮಡಿಕೆ. ಒಳಪಟ್ಟಿಯು ಅದರ ಮರೆಯಲ್ಲಿರುವುದರಿಂದ ಹೊರೆಯನ್ನೇನೂ ಹೊರುವುದಿಲ್ಲ. ಗೋಟಿನ ಹೊಲಿಗೆ ಸೊಟ್ಟಾಗಿದ್ದರೆ ಅದನ್ನು ಮುಚ್ಚುವುದೊಂದೇ ಇದರ ಉಪಯೋಗ. ಉಳಿದುದೆಲ್ಲ ಕಣ್ಣಿಗಾಗಿ. ಹಾಗಾದರೆ ಹಳೆಯ ಬಟ್ಟೆಯ ಒಂದು ತುಂಡೂ ವ್ಯರ್ಥವಾಗಬಾರದೆಂಬ ಮಿತವ್ಯಯದಿಂದ ಹುಟ್ಟಿದ ಕೆಲಸದಲ್ಲಿ, ಉಪಯೋಗವಿಲ್ಲದ ಈ ಗೆರೆಗೆ ಏಕೆ ಇಷ್ಟು ಶ್ರಮ?

ಅಂಚಿಗೆ ಪಟ್ಟಿ ಹಾಕುವುದರ ಮೂಲವು ಬಲವೇ ಎಂಬುದಕ್ಕೆ ಪ್ರಾಚೀನವಾದ ಆಧಾರವಿದೆ. ಪಾಲಿಯ ವಿನಯಪಿಟಕದ ಮಹಾವಗ್ಗದಲ್ಲಿ ಚೀವರದ ಪ್ರಕರಣವೊಂದು ಬರುತ್ತದೆ. ಬುದ್ಧನು ದಕ್ಷಿಣಗಿರಿಗೆ ಹೋಗುವ ದಾರಿಯಲ್ಲಿ ಬದುಗಳಿಂದ ವಿಭಾಗವಾಗಿದ್ದ ಮಗಧದ ಗದ್ದೆಗಳನ್ನು ಕಂಡು, ಭಿಕ್ಷುಗಳ ಬಟ್ಟೆಯನ್ನು ಆ ರೀತಿಯಲ್ಲಿ ತುಂಡುಗಳಿಂದ ಹೊಲಿಯಲಾದೀತೇ ಎಂದು ಆನಂದನನ್ನು ಕೇಳಿದನೆಂದೂ ಆನಂದನು ಹಾಗೆಯೇ ಹೊಲಿದು ತೋರಿಸಿದನೆಂದೂ ಅಲ್ಲಿ ಹೇಳಿದೆ. ಅದೇ ಪ್ರಕರಣದಲ್ಲಿ ಮುಂದೆ, ತುಂಡುಗಳಿಂದ ಹೊಲಿದ ಚೀವರದ ಮೂಲೆಗಳು ಸೊಟ್ಟಾದಾಗ ಅವನ್ನು ಸಮಮಾಡಲು ಅನುಮತಿ ದೊರೆಯಿತು. ಸಮಮಾಡಿದ ಮೇಲೆ ನೂಲೆಳೆಗಳು ಬಿಚ್ಚಿ ಉದುರತೊಡಗಲು ಅನುವಾತ ಮತ್ತು ಪರಿಭಂಡವೆಂಬ ಅಂಚುಪಟ್ಟಿಗಳನ್ನು ಹಚ್ಚಲು ಅನುಮತಿಯಾಯಿತು. ತುಂಡು, ಮೂಲೆ, ಕತ್ತರಿ, ಬಿಚ್ಚಿದ ಎಳೆ, ಕೊನೆಗೆ ಪಟ್ಟಿ: ಒಂದು ಕಷ್ಟದಿಂದ ಇನ್ನೊಂದು ಉಪಾಯ ಹುಟ್ಟಿದ ಈ ಕ್ರಮವನ್ನು ಯಾವ ಕೌದಿಗಾರ್ತಿಯಾದರೂ ಒಪ್ಪುವಳು. ಗದ್ದೆಯ ಬದುವಿಗೂ ಬಟ್ಟೆಯ ಪಟ್ಟಿಗೂ ಅಲ್ಲಿ ಕಂಡ ಸಾಮ್ಯವು ಕನ್ನಡದ ದಡ ದಡಿಗಳಲ್ಲಿಯೂ ಕಾಣುವುದು ಗಮನಾರ್ಹವಾಗಿದೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ೧೯೩೧ರಲ್ಲಿ ಅಶೋಕನ ಶಾಸನಗಳು ದೊರೆತಿರುವುದರಿಂದ ಬೌದ್ಧರ ತೇಪೆಯ ಚೀವರವೇ ಕೌದಿಯ ಮೂಲವೆಂದು ಹೇಳುವ ಆಸೆ ಯಾರಿಗಾದರೂ ಆಗಬಹುದು. ಅಂಥ ಆಸೆಯನ್ನು ತಡೆಯುವುದೇ ಮೇಲು. ಹರಿದ ಬಟ್ಟೆಯನ್ನು ಕೂಡಿಸಿ ಹೊಲಿಯುವುದನ್ನು ಕಲಿಯಲು ಜನಕ್ಕೆ ಶಾಸನವೂ ಬೇಕಿಲ್ಲ, ಸಂಘವೂ ಬೇಕಿಲ್ಲ. ದುನ್‌ಹುವಾಂಗಿನ ಸಹಸ್ರಬುದ್ಧ ಗುಹೆಗಳಿಂದ ಆರೆಲ್ ಸ್ಟೈನನು ೧೯೦೭ರಲ್ಲಿ ತಂದ ವಸ್ತುಗಳಲ್ಲಿ ರೇಷ್ಮೆಯ ತುಂಡುಗಳನ್ನು ಜೋಡಿಸಿ ಹೊಲಿದ ಬಟ್ಟೆಯೂ ಇದ್ದಿತು. ಅದು ಈಗ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ಅಲ್ಲಿ ಬಡತನದ ತೇಪೆಯೇ ಪುಣ್ಯದ ಅಲಂಕಾರವಾಗಿ ಮಾರ್ಪಟ್ಟಿರುವುದು.

ಅಂಚು ಅಲಂಕಾರವಾಗುವುದಕ್ಕೆ ಅರಮನೆಯ ಸಾಕ್ಷ್ಯವೂ ಉಂಟು. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ರಾಜನ ವಸ್ತ್ರಭೋಗವನ್ನೂ ಶಯ್ಯಾಭೋಗವನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಹಂಸದ ಗರಿ, ಬೂರುಗದ ಅರಳೆ, ಹತ್ತಿ ಮೊದಲಾದುವನ್ನು ತುಂಬಿದ ಹಾಸಿಗೆಗಳ ಭೇದಗಳನ್ನು ಅಲ್ಲಿ ನೋಡಬಹುದು. ಗ್ರಂಥಕರ್ತನಾದ ಅರಸನಿಗೆ ಮೆತ್ತಗಿರುವುದೇ ಮುಖ್ಯ. ಹೇಮಗುಡ್ಡಕ್ಕೆ ದೂರವಲ್ಲದ ವಿಜಯನಗರಕ್ಕೆ ಸುಮಾರು ೧೫೨೦ರಲ್ಲಿ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನ ಕಣ್ಣಾದರೋ ಅಂಚಿನ ಮೇಲೆ ಬಿದ್ದಿತು. ಕೃಷ್ಣದೇವರಾಯನ ಅರಮನೆಯನ್ನು ನೋಡಲು ಅನುಮತಿ ಪಡೆದವರೊಡನೆ ಹೋದ ಅವನು, ಅಲ್ಲಿಯ ಒಂದು ಮಂಚದ ಕರಿಯ ಸ್ಯಾಟಿನ್ ಹಾಸಿಗೆಯ ಸುತ್ತಲೂ ಗೇಣಗಲದ ಮುತ್ತಿನ ಅಂಚಿದ್ದುದನ್ನೂ ಅದರ ಮೇಲೆ ಎರಡು ದಿಂಬುಗಳಲ್ಲದೆ ಬೇರೆ ಹೊದಿಕೆಯಿರಲಿಲ್ಲವೆಂಬುದನ್ನೂ ಬರೆದಿಟ್ಟಿರುವನು. ಸಿವೆಲ್ಲನು ೧೯೦೦ರಲ್ಲಿ ಪ್ರಕಟಿಸಿದ ಇಂಗ್ಲೀಷ್ ಗ್ರಂಥದಿಂದ ಈ ವರ್ಣನೆ ಸರ್ವರಿಗೂ ಲಭ್ಯವಾಯಿತು. ಕರಿಯ ಒಡಲು, ಬಿಳಿಯ ಗೆರೆ. ಎದ್ದು ಕಾಣುವ ಗೆರೆಯಿಂದ ಹಾಸಿಗೆಯನ್ನು ಮುಗಿಸಬೇಕೆಂಬ ರುಚಿಯು ಅರಸನದೂ ಹೌದು, ಕೌದಿಯದೂ ಹೌದು; ಒಂದರಲ್ಲಿ ಮುತ್ತು, ಇನ್ನೊಂದರಲ್ಲಿ ಹರಿದ ಸೀರೆ.

ಅರಮನೆಗೂ ಗುಡಿಸಲಿಗೂ ನಡುವೆ ದರ್ಜಿಯ ಅಂಗಡಿಯೊಂದಿದೆ. ಈ ಸೀಮೆಯು ೧೯೪೮ರವರೆಗೆ ನಿಜಾಮನ ರಾಜ್ಯದಲ್ಲಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿ, ಬಹುಕಾಲ ರಾಯಚೂರು ಜಿಲ್ಲೆಯ ಭಾಗವಾಗಿದ್ದು, ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು. ಆದುದರಿಂದ ಹೊಲಿಗೆಯ ಪರಿಭಾಷೆಯಲ್ಲಿ ದಖನಿಯ ಪ್ರಭಾವವು ಸಹಜ. ಗೋಟು ಎಂಬುದು ಹಿಂದಿಯ ಗೋಟ್ ಎಂಬುದರಿಂದ ಬಂದುದು. ಉರ್ದುವಿನಲ್ಲಿ ರಜಾಯಿಗೂ ಅಂಗಿಗೂ ಹಾಕುವ ಸಣ್ಣ ಅಂಚುಪಟ್ಟಿಗೆ ಮಗ್ಜಿ ಎನ್ನುವರು. ಮರಾಠಿಯಲ್ಲಿ ಅದು ಮಗಜಿಯಾಗಿದೆ. ಮಗ್ಜ್ ಎಂದರೆ ತಿರುಳು, ಮಜ್ಜೆ, ಮಿದುಳು. ಎಲುಬಿನ ಒಳಗಣ ಮಜ್ಜೆಯಂತೆ ಎರಡು ಬಟ್ಟೆಗಳ ನಡುವಿನಿಂದ ಹೊರಗೆ ಇಣಿಕುವುದರಿಂದ ಈ ಹೆಸರು ಬಂದಿರಬೇಕು. ಇದೇ ನಮ್ಮ ಒಳಪಟ್ಟಿಯ ಹತ್ತಿರದ ಬಂಧು. ಇಂಗ್ಲೀಷರು ಅದನ್ನು ಹೊರಗೆ ಚಾಚಿದ ಅಂಚೆಂದು ಕಂಡರು, ದಖನಿಯ ದರ್ಜಿಯು ಒಳಗಿನಿಂದ ತೋರುವ ತಿರುಳೆಂದು ಕಂಡನು. ವಸ್ತು ಒಂದೇ. ಈ ಎರಡರಲ್ಲಿ ದರ್ಜಿಯ ಹೆಸರೇ ಹೆಚ್ಚು ಸೂಕ್ಷ್ಮವೆಂದು ಹೇಳಿದರೆ ಪಕ್ಷಪಾತವಾಗದು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಿನಲ್ಲಿರುವ ಸಿದ್ಧಿಯರ ಕವಂದಿಯು ಇಲ್ಲಿ ವಿಶೇಷವಾಗಿ ಪರಿಶೀಲನಾರ್ಹವಾದುದು. ಆಫ್ರಿಕದ ಮೂಲದವರಾದ ಈ ಜನರ ಹೆಂಗಸರು ಹೊಲಿಯುವ ಹೊದಿಕೆಯ ಹೆಸರು ಕೌದಿಯ ಹೆಸರಿನಂತೆಯೇ ಕೇಳಿಸುತ್ತದೆ; ಬಟ್ಟೆಯೂ ಸೂಜಿಯೂ ಒಂದೇ ಬಗೆಯವು. ಆದರೆ ಕೆಲಸದ ಕ್ರಮ ತಿರುಗುಮುರುಗು. ಅವರು ಒಂದು ಮೂಲೆಯಲ್ಲಿ ಪ್ರಾರಂಭಿಸಿ ಅಂಚಿನ ಗುಂಟ ತುಂಡುಗಳನ್ನು ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬರುವರು. ಅಂಚೇ ಮೊದಲು, ಒಡಲು ಆಮೇಲೆ. ಎಲ್ಲವೂ ಮುಗಿದ ಬಳಿಕ ನಾಲ್ಕು ಮೂಲೆಗಳಲ್ಲಿಯೂ ಪದರಪದರವಾಗಿ ಮಡಿಸಿದ ಮುಕ್ಕೋನೆಯ ಬಟ್ಟೆಯ ತುಂಡನ್ನು ಇಡುವರು; ಇದಕ್ಕೆ ಫೂಲೊ, ಎಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕವಂದಿಯು ಬತ್ತಲೆಯೆಂದು ಅವರ ಭಾವನೆ. ಹೆನ್ರಿ ಜಾನ್ ಡ್ರೂವಲ್ ಎಂಬ ವಿದ್ವಾಂಸರು ಈ ಕವಂದಿಗಳನ್ನು ಕುರಿತು ೨೦೧೩ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿರುವರು. ಈ ಹೂವಿನಿಂದಲೂ ಕವಂದಿಗೆ ಬಲವೇನೂ ಬರುವುದಿಲ್ಲ. ಆದರೂ ಅದಿಲ್ಲದೆ ಕೆಲಸ ಮುಗಿಯಿತೆಂದು ಹೊಲಿದವಳು ಒಪ್ಪುವುದಿಲ್ಲ. ಆಲಂಕಾರಿಕರು ಅಲಂಕಾರವು ಕಾವ್ಯಕ್ಕೆ ಹಾರದಂತೆ ಹೊರಗಿನಿಂದ ಬಂದುದೋ ಶೋಭೆಯೇ ಆಗಿ ಒಳಗಿರುವುದೋ ಎಂದು ಚರ್ಚಿಸಿದ ವಿಷಯವನ್ನು ಈ ಹೆಂಗಸರು ತಮ್ಮ ಮಟ್ಟಿಗೆ ತೀರ್ಮಾನಿಸಿಕೊಂಡಿರುವಂತೆ ತೋರುತ್ತದೆ.

ಮರಳಿ ಹೇಮಗುಡ್ಡದ ಕಡೆಗೆ ಬರಬಹುದು. ಗಂಗಾವತಿ ತಾಲ್ಲೂಕಿನ ಈ ಊರು ದುರ್ಗಾಪರಮೇಶ್ವರಿಯ ಗುಡಿಯಿಂದಲೂ ಕಂಪಿಲರಾಜ್ಯದ ಕಾಲದ್ದೆಂದು ಹೆಸರಾದ ಕೋಟೆಯಿಂದಲೂ ಪ್ರಸಿದ್ಧವಾಗಿದೆ. ೧೩೨೭ರಲ್ಲಿ ದೆಹಲಿಯ ಸೈನ್ಯಕ್ಕೆ ಬಲಿಯಾದ ಕಂಪಿಲರಾಯನ ಮತ್ತು ಅವನ ಮಗ ಕುಮಾರರಾಮನ ಕಥೆಯು ಸಾಂಗತ್ಯಗಳಾಗಿ ಹಾಡಾಗಿ ಈ ಗುಡ್ಡಗಳ ಸುತ್ತಲೂ ಬೆಳೆದಿದೆ. ಕೋಟೆಗೂ ಕೌದಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಒಂದು ಮಾತಿನಲ್ಲಿದೆ. ಕೋಟೆಯ ಗೋಡೆಯ ನೆತ್ತಿಯ ಮೇಲೆ ಸಾಲಾಗಿ ನಿಲ್ಲುವ ಮೊನೆಗಳಿಗೆ ಕನ್ನಡದಲ್ಲಿ ತೆನೆ ಎಂದು ಹೆಸರು. ಜೋಳದ ಬೆಳೆಯ ತುದಿಯೂ ತೆನೆ. ಈ ಜಿಲ್ಲೆಯ ನೆರೆಯ ಇಳಕಲ್ಲಿನಲ್ಲಿಯೂ ಕುಷ್ಟಗಿ ತಾಲ್ಲೂಕಿನ ಮಗ್ಗಗಳಲ್ಲಿಯೂ ನೆಯ್ಯುವ ಸೀರೆಯ ಸೆರಗಿನಲ್ಲಿ ಕೆಂಪಿನ ಮೇಲೆ ಬಿಳಿಯದಾಗಿ ಏಳುವ ಮೊನೆಗಳ ಸಾಲಿಗೆ ತೋಪುತೆನೆ ಎನ್ನುವರು. ಹಣಿಗೆ, ಕೋಟಿಕಮ್ಮಳಿ, ರಾಂಪ ಎಂಬ ಬೇರೆ ವಿನ್ಯಾಸಗಳೂ ಉಂಟು. ಕೋಟಿಕಮ್ಮಳಿಯೆಂಬುದು ಕೋಟೆಯ ಗೋಡೆಯ ರೂಪವೆಂದು ಪ್ರಸಿದ್ಧಿ. ಗೋಡೆ ಮುಗಿದು ಆಕಾಶ ಪ್ರಾರಂಭವಾಗುವಲ್ಲಿ, ದಂಟು ಮುಗಿಯುವಲ್ಲಿ, ಸೀರೆ ಮುಗಿಯುವಲ್ಲಿ ಮೊನೆಗಳ ಸಾಲೊಂದು ಬರಬೇಕೆಂಬ ಕಲ್ಪನೆಯು ಈ ಭಾಷೆಯಲ್ಲಿ ಒಂದೇ ಹೆಸರಿನಿಂದ ನಿಂತಿದೆ.

ಕೆಲವು ಕೌದಿಗಳ ಅಂಚಿನಲ್ಲಿ ನೆಟ್ಟಗಿನ ಒಳಪಟ್ಟಿಗೆ ಬದಲಾಗಿ ಚೌಕದ ತುಂಡುಗಳನ್ನು ಮೂಲೆಗೆ ಮೂಲೆ ಕೂಡಿಸಿ ಎರಡು ಸಾರಿ ಮಡಿಸಿ, ಮುಕ್ಕೋನೆ ಮಾಡಿ, ಗೋಟಿನ ಒಳಗಿನಿಂದ ಇಣಿಕುವಂತೆ ಸಾಲಾಗಿ ಇಟ್ಟಿರುವರು. ರಚನೆಯಲ್ಲಿ ಇದು ಒಳಪಟ್ಟಿಯೇ; ನೆಟ್ಟಗಿನ ಗೆರೆಯು ಮೊನೆಗಳಾಗಿ ಒಡೆದಿರುವುದಷ್ಟೇ ಭೇದ. ಮುಕ್ಕೋನೆಗೆ ತಕ್ಕ ತುಂಡುಗಳೂ ಈ ಸೀಮೆಯಲ್ಲಿ ಸುಲಭ, ಏಕೆಂದರೆ ಗುಳೇದಗುಡ್ಡದ ಖಣದಿಂದ ಕುಪ್ಪಸ ಹೊಲಿದರೆ ಉಳಿಯುವ ಚೂರುಗಳು ಬಹುಮಟ್ಟಿಗೆ ಸಣ್ಣವೂ ಮೊನೆಯುಳ್ಳವೂ ಆಗಿರುವುವು. ಅಮೆರಿಕದಲ್ಲಿಯೂ ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹೊದಿಕೆಯ ಅಂಚಿಗೆ ಇಂಥವೇ ಮಡಿಸಿದ ಮುಕ್ಕೋನೆಗಳನ್ನು ಹಾಕುವುದು ಬಳಕೆಗೆ ಬಂದಿತು. ಅಲ್ಲಿ ಅವಕ್ಕೆ ಹುಲ್ಲುಗಾವಲಿನ ಮೊನೆಗಳೆಂಬ ಅರ್ಥದ ಹೆಸರಿದೆ. ಅವರಿಗೆ ಹುಲ್ಲು ನೆನಪಾಯಿತು, ಇಲ್ಲಿಯವರಿಗೆ ತೆನೆ. ಒಬ್ಬರಿಂದ ಒಬ್ಬರು ಕಲಿತರೆಂದು ಹೇಳುವ ಅಗತ್ಯವಿಲ್ಲ. ಬಟ್ಟೆಯನ್ನು ಕತ್ತರಿಸಿದ ಬಾಯಿ ಕಾಣದಂತೆ ಮೊನೆ ಮಾಡಬೇಕಾದರೆ ಮಡಿಸುವ ದಾರಿ ಬೇರೆ ಇಲ್ಲ.

ಮೇಲೆ ಎತ್ತಿದ ಪ್ರಶ್ನೆಗೆ, ಎಂದರೆ ಉಪಯೋಗವಿಲ್ಲದ ಗೆರೆಗೆ ಇಷ್ಟು ಶ್ರಮವೇಕೆಂಬುದಕ್ಕೆ, ಇಳಕಲ್ ಸೀರೆಯೇ ಉತ್ತರ ಕೊಡುವಂತಿದೆ. ಅದರ ಒಡಲು ಹತ್ತಿಯ ನೂಲು. ದಡಿಯೂ ಸೆರಗೂ ರೇಷ್ಮೆ, ಅಥವಾ ಇತ್ತೀಚಿನ ಕೃತಕ ರೇಷ್ಮೆ. ದಿನದ ಉಡುಗೆಯಲ್ಲಿ ಮೊದಲು ಸವೆಯುವುದು ಒಡಲು. ಒತ್ತಾಗಿ ನೆಯ್ದ ದಡಿಯು ಒಡಲು ಹರಿದ ಎಷ್ಟೋ ದಿನಗಳ ಮೇಲೂ ಗಟ್ಟಿಯಾಗಿ ಬಣ್ಣಗೆಡದೆ ಇರುತ್ತದೆ. ಅದನ್ನು ಕೌದಿಯ ನಡುವೆ ಹಾಕಿದರೆ ದಪ್ಪವಾಗಿ ಸೂಜಿಗೆ ಬಗ್ಗುವುದಿಲ್ಲ, ಬಿಸಾಡಲು ಮನಸ್ಸಾಗುವುದಿಲ್ಲ. ಆಗ ಅದು ತಾನಾಗಿಯೇ ಅಂಚಿಗೆ ಹೋಗುತ್ತದೆ. ಅಗಲವಾದ ದಡಿಯು ಗೋಟಾಗುವುದು. ಸಣ್ಣ ಗೆರೆಯ ದಡಿಯನ್ನು ಮಡಿಸಿ ಒಳಗಿಟ್ಟರೆ ಒಳಪಟ್ಟಿಯಾಗುವುದು. ಹೀಗೆ ಒಂದು ಸೀರೆಯ ಅಂಚಾಗಿದ್ದುದು ಮತ್ತೊಮ್ಮೆ ಅಂಚೇ ಆಗುವುದು. ಒಡಲಿನ ತುಂಡುಗಳಲ್ಲಿ ಹೊಲಿಯುವವಳಿಗೆ ಆಯ್ಕೆ ಕಡಮೆ. ಮನೆಯಲ್ಲಿ ಏನು ಹರಿಯಿತೋ ಅದೇ ಸಾಮಗ್ರಿ. ಅಂಚಿನಲ್ಲಿ ಮಾತ್ರ ಆಕೆಯ ಆಯ್ಕೆ ತೋರುತ್ತದೆ. ಯಾವ ಸೀರೆಯ ದಡಿ, ಯಾವ ಬಣ್ಣದ ಪಕ್ಕದಲ್ಲಿ ಯಾವುದು, ಗೆರೆ ಎಷ್ಟು ಅಗಲ ಎಂಬುವನ್ನು ಆಕೆಯೇ ನಿರ್ಣಯಿಸಬೇಕು. ಹೆಸರಿಲ್ಲದ ಈ ಕೆಲಸದಲ್ಲಿ ಮಾಡಿದವಳ ಅಂಕಿತವೆಂಬುದು ಎಲ್ಲಾದರೂ ಇದ್ದರೆ ಅದು ಅಲ್ಲಿಯೇ. ಕೌದಿಯನ್ನು ಸಂಗ್ರಹಿಸುವವರು ನಡುವಣ ಚೌಕಗಳ ಚಿತ್ರ ತೆಗೆದು ಅಂಚನ್ನು ಬಿಡುವುದು, ಹಸ್ತಪ್ರತಿಯ ಪದ್ಯಗಳನ್ನು ನಕಲುಮಾಡಿ ಪುಷ್ಪಿಕೆಯನ್ನು ಬಿಟ್ಟಂತೆ.

ಹೊಲಿಗೆಯ ಯಂತ್ರವೂ ನೈಲಾನ್ ಪಾಲಿಯೆಸ್ಟರ್ ಸೀರೆಗಳೂ ಬಂದ ಮೇಲೆ ಅಂಚಿನ ಕೆಲಸ ಬದಲಾಗಿದೆ. ಜಾರುವ ಬಟ್ಟೆಯನ್ನು ನೆಟ್ಟಗೆ ಹರಿಯಲಾಗುವುದಿಲ್ಲ, ಮಡಿಸಿದರೆ ಮಡಿಕೆ ನಿಲ್ಲುವುದಿಲ್ಲ. ಯಂತ್ರದಲ್ಲಿ ಗೋಟು ಹಾಕುವುದು ಶೀಘ್ರವಾದುದರಿಂದ ಒಂದೇ ಬಣ್ಣದ ಅಂಗಡಿಯ ಪಟ್ಟಿಯನ್ನು ಹಚ್ಚಿ ಮುಗ���ಸುವುದು ಹೆಚ್ಚಾಗಿದೆ. ಆದರೂ ಹಳೆಯ ಕೌದಿಯು ಒಮ್ಮೆಲೇ ಮಾಯವಾಗುವುದಿಲ್ಲ. ಮೇಲ್ಪದರವು ಪೂರ್ತಿಯಾಗಿ ಹರಿದ ಕೌದಿಯನ್ನು ಬಿಚ್ಚದೆ, ಇಡಿಯಾಗಿ ಹೊಸದರ ನಡುವಣ ಪದರವಾಗಿ ಇಟ್ಟು ಹೊಲಿಯುವ ಪದ್ಧತಿಯುಂಟು. ಹೊಸ ಕೌದಿಯು ಸಾಧಾರಣವಾಗಿ ಹಳೆಯದಕ್ಕಿಂತ ಸ್ವಲ್ಪ ದೊಡ್ಡದಾಗಿರುವುದರಿಂದ, ಅಂಥದನ್ನು ಹೊದ್ದವನ ಕೈಗೆ ಹೊಸ ಗೋಟಿನಿಂದ ನಾಲ್ಕು ಬೆರಳು ಒಳಗೆ, ಬಟ್ಟೆಯ ಕೆಳಗೆ, ಹಳೆಯ ಅಂಚು ಗಟ್ಟಿಯಾಗಿ ತಗಲುವುದು.